ಚೀಲದ ಬಾಯಿ, ನನ್ನ ಬಾಯಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಹೊತ್ತು ನಿಂತಿರುವುದು ನನ್ನ ನಾಲಿಗೆ. ಇದು ಜಂಬವಲ್ಲ, ಇಪ್ಪತ್ತೆಂಟು ವರ್ಷದಿಂದ ನಾನು ಪ್ರಾಮಾಣಿಕವಾಗಿ ನಂಬಿಕೊಂಡು ಬಂದ ಮಾತು. ಪುಂಡಲೀಕಣ್ಣನ ದಲಾಲಿ ಅಂಗಡಿಯಲ್ಲಿ ಮಾಲು ನೋಡುವವನು ನಾನು, ಶಮಶೇರಸಾಬ. ರೈತ ಚೀಲ ಸುರಿದು ರಾಶಿ ಹಾಕಿದನೆಂದರೆ ಒಂದು ಕಾಯಿ ಎತ್ತಿ, ಮುರಿದು, ತುದಿಯನ್ನು ಹಲ್ಲಿನಡಿ ಇಟ್ಟು, "ಡಬ್ಬಿ ತಳಿ ಐತಿ, ಆದ್ರ ಒಳಗ ಬ್ಯಾರೆದು ಸೇರೇತಿ" ಎಂದು ತೀರ್ಪು ಕೊಟ್ಟುಬಿಡುತ್ತೇನೆ. ಮೇಲ್ಮನವಿ ಇಲ್ಲ. ಇಂಥ ನಾನು ಹೋದ ಜನವರಿಯಲ್ಲಿ ಒಂದು ಘೋರ ಪ್ರತಿಜ್ಞೆ ಮಾಡಿದೆ: ಆಕಾಶವೇ ಕಳಚಿ ಬಿದ್ದರೂ ನನ್ನ ಹೊಟ್ಟೆಗೆ ಡಾಕ್ಟರ ಚಾಕು ಮುಟ್ಟಗೊಡುವುದಿಲ್ಲ!

ನನಗೆ ಮೂರು ವರ್ಷದಿಂದ ಎದೆ ಉರಿ. ಮದುವೆ ಊಟದ ಮರುದಿನ ನಿಮಗೆ ಬರುತ್ತದಲ್ಲ, ಆ ಜಾತಿಯದಲ್ಲ. ಹೊಟ್ಟೆಯಲ್ಲಿ ಬಿದ್ದಿರಬೇಕಾದ ಹುಳಿ ಮನೆ ಬಿಟ್ಟು ಗಂಟಲಿಗೆ ಬಂದು ಸಂಸಾರ ಹೂಡುವಂಥದು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೆ ಬರುತ್ತದೆ. ನಮಾಜಿನಲ್ಲಿ ಹಣೆ ನೆಲಕ್ಕೆ ಹಚ್ಚಿದರೆ ಬರುತ್ತದೆ. ಮಂಚದ ತಲೆಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಇಟ್ಟು ಮಲಗುತ್ತೇನೆ. ಬೆಳಗಾಗುವಷ್ಟರಲ್ಲಿ ಜಾರಿ ಜಾರಿ ಕೆಳತುದಿಯಲ್ಲಿ ಗಂಟಾಗಿ ಬಿದ್ದಿರುತ್ತೇನೆ.

ನನ್ನ ಹೆಂಡತಿ ದಿಲನಾಜ ಎಂಟು ತಿಂಗಳಿಂದ ಮನೆಯಲ್ಲಿ ಖಾರದ ಡಬ್ಬಿಯನ್ನೇ ತೆಗೆದಿರಲಿಲ್ಲ. ಬ್ಯಾಡಗಿಯಲ್ಲಿ ಖಾರವಿಲ್ಲದ ಅಡುಗೆಮನೆ ಎಂದರೆ ನಮ್ಮದೊಂದೇ ಇರಬೇಕು. ಜೋಳದ ನುಚ್ಚು, ಹೆಸರುಬೇಳೆ, ಸಪ್ಪನೆಯ ಹೀರೇಕಾಯಿ ಪಲ್ಯ. ಬಕ್ರೀದಿನ ಮಾಂಸಕ್ಕೂ ಬರೀ ಕೊತ್ತಂಬರಿ, ಉಪ್ಪು. ನಾನು ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದೆ, ಉಂಡದ್ದನ್ನು ಮಹಾತ್ಯಾಗವೆಂದು ಪೇಟೆಯ ತುಂಬ ಸಾರುತ್ತಿದ್ದೆ. ಉರಿ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಕೊನೆಗೆ ಅವಳು ನನ್ನನ್ನು ರಾಣೆಬೆನ್ನೂರಿನ ಹೊಟ್ಟೆ ಡಾಕ್ಟರು ಸುಧಾರಾಣಿಯವರ ಮುಂದೆ ಕೂರಿಸಿದಳು.

"ನೋಡ್ರಿ," ಎಂದರು ಡಾಕ್ಟರು, "ನಿಮ್ಮ ಹೊಟ್ಟಿ ಅನ್ನೂದು ಒಂದು ಚೀಲ. ಅದರ ಬಾಯಿ ಸಡ್ಲಾಗೇತಿ. ಒಳಗಿಂದು ಮ್ಯಾಲೆ ಬರಾಕತ್ತೇತಿ."

"ಅದಕ್ಕ ಏನ್ ಮಾಡ್ತೀರಿ?"

"ಮೂರು ದಾರಿ ಅದಾವು. ಒಂದು, ಹೊಟ್ಟಿ ಮ್ಯಾಲಿನ ಭಾಗಾನ ಅನ್ನನಾಳಕ್ಕ ಮಫ್ಲರ್ ಸುತ್ತಿದಂಗ ಸುತ್ತಿ ಹೊಲೀತೀವಿ. ಎರಡು, ಅಯಸ್ಕಾಂತದ ಮಣಿ ಪೋಣಿಸಿದ ಒಂದು ಉಂಗುರ ಹಾಕೂದು. ಊಟ ಇಳಿಯಾಗ ಬಿಚ್ಚತೈತಿ, ಆಮ್ಯಾಲೆ ಮುಚ್ಚತೈತಿ. ಅದಕ್ಕ ದೊಡ್ಡ ಊರಿಗೆ ಹೋಗಬೇಕು. ಮೂರು, ಬಾಯಾಗಿಂದ ನಳಿಗಿ ಇಳಿಸಿ ಒಳಗ ಬಿಗಿ ಮಾಡೂದು. ಅದು ಎಲ್ಲರಿಗೂ ಒಗ್ಗಂಗಿಲ್ಲ."

ನನ್ನ ಕಣ್ಣ ಮುಂದೆ ನಮ್ಮ ಹಮಾಲ ಫಕ್ಕೀರಸಾಬ ಗೇಣುದ್ದದ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವ ಚಿತ್ರ ಬಂದು ನಿಂತಿತು. ಅಯಸ್ಕಾಂತವೋ, ಇನ್ನೂ ಅಪಾಯ. ಕಬ್ಬಿಣದ ಕೊಕ್ಕೆ ಹಿಡಿದ ಇಪ್ಪತ್ತು ಹಮಾಲರ ನಡುವೆ ಓಡಾಡುವವನು ನಾನು. ಒಬ್ಬೊಬ್ಬರಾಗಿ ಬಂದು ಎದೆಗೆ ಅಂಟಿಕೊಂಡರೆ ಬಿಡಿಸುವವರು ಯಾರು?

"ಹೊಲಿಸಿಕೊಂಡ ಮ್ಯಾಲೆ ಮೊದಲಿನಂಗ ಸರಾಗ ತೇಗಾಕ ಆಗದನ ಇರಬಹುದು," ಎಂದು ಡಾಕ್ಟರು ಸೇರಿಸಿದರು. ಉಂಡ ಮೇಲೆ ತೇಗದಿದ್ದರೆ ನಮ್ಮ ಬೀಗರು ಅದನ್ನು ಅವಮಾನವೆಂದೇ ತಿಳಿಯುತ್ತಾರೆ.

"ಮೇಡಂ, ನಾ ಒಂದ ತಿಂಗಳು ಮನ್ಯಾಗ ಮಲ್ಕೊಂಡ್ರ ಪ್ಯಾಟಿ ಬಂದ್ ಆಗತೈತಿ," ಎಂದೆ ಗಂಭೀರವಾಗಿ.

"ಖಾರ ತಿಂತೀರೇನು?"

"ಎಂಟು ತಿಂಗಳಾತು, ಒಂದ ಚೂರು ಖಾರ ತಿಂದಿಲ್ಲ. ಖುದಾನ ಆಣಿ. ಬೇಕಾದ್ರ ಇಕಿನ್ನ ಕೇಳ್ರಿ."

"ಖರೇ ಐತ್ರಿ," ಎಂದಳು ದಿಲನಾಜ.

ಡಾಕ್ಟರು ನಿಟ್ಟುಸಿರು ಬಿಟ್ಟರು. "ಇಷ್ಟು ಪಥ್ಯ ಮಾಡಿನೂ ಹಿಂಗಾದ್ರ ಆಪರೇಷನ್ ಬಿಟ್ಟು ಬ್ಯಾರೆ ದಾರಿ ಇಲ್ಲ. ಅದಕ್ಕೂ ಮೊದ್ಲ ಒಂದು ಪರೀಕ್ಷಾ ಮಾಡೋಣು."

ಆ ಪರೀಕ್ಷೆ ಹೇಗೆಂದರೆ, ಮೂಗಿನಿಂದ ಶಾವಿಗೆ ಎಳೆಯಂಥ ಒಂದು ನಳಿಗೆ ಇಳಿಸಿ, ಅದರ ಮೇಲಿನ ತುದಿಯನ್ನು ಕೆನ್ನೆಗೆ ಪಟ್ಟಿ ಹಚ್ಚಿ, ಸೊಂಟಕ್ಕೆ ಒಂದು ಡಬ್ಬಿ ಕಟ್ಟುತ್ತಾರೆ. ಇಪ್ಪತ್ನಾಲ್ಕು ತಾಸು ಹುಳಿ ಎಷ್ಟು ಸಲ ಮೇಲೆ ಬಂತೆಂದು ಡಬ್ಬಿ ಬರೆದುಕೊಳ್ಳುತ್ತದೆ. ಅದಕ್ಕೂ ಮೊದಲು, ಉರಿಗೆ ನುಂಗುತ್ತಿದ್ದ ಗುಳಿಗೆ ಒಂದು ವಾರ ಬಂದ್. ಆ ವಾರದ ಸುದ್ದಿ ಕೇಳಬೇಡಿ. ಬುಧವಾರ ಸಂಜೆ ನಳಿಗೆ ಏರಿತು. "ದಿನಾ ಏನ್ ಮಾಡ್ತೀರಿ ಅದನ್ನ ಮಾಡ್ರಿ," ಎಂದರು ಡಾಕ್ಟರು. "ಬಾಯಾಗ ಏನ ಹಾಕ್ಕೊಂಡ್ರೂ ಟೈಮ್ ಸಮೇತ ಈ ಪಟ್ಟಿಯೊಳಗ ಬರೀರಿ."

ಪಟ್ಟಿಯನ್ನು ದಿಲನಾಜ ತನ್ನ ಕೈಗೆ ತೆಗೆದುಕೊಂಡಳು. "ನೀವು ಬ್ಯಾಡ. ನೀವು ಬರದ್ರ ಎಲ್ಲಾ ಛಲೋನ ಐತಿ ಅಂತ ಬರೀತೀರಿ."

ನನ್ನ ಹುನ್ನಾರವೂ ಅದೇ ಆಗಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಹುನ್ನಾರ ನಡೆಯುವುದಿಲ್ಲ.

ಮರುದಿನ ಗುರುವಾರ, ಪೇಟೆಯ ದಿನ. ಮೂಗಿನಲ್ಲಿ ನಳಿಗೆ, ಸೊಂಟದಲ್ಲಿ ಡಬ್ಬಿ, ಹಿಂದೆ ಪಟ್ಟಿ ಹಿಡಿದ ಹೆಂಡತಿ. ನಮ್ಮ ಮೆರವಣಿಗೆ ಅಂಗಡಿಗೆ ಬಂತು. ತೊಟ್ಟು ಬಿಡಿಸುವ ಹೆಂಗಸರ ನಡುವೆ ಅವಳು ಚೀಲವೊಂದರ ಮೇಲೆ ಕುಳಿತಳು. ನಾನು ನಿತ್ಯದಂತೆ ರಾಶಿಯಿಂದ ರಾಶಿಗೆ ಹೊರಟೆ. ಕಾಯಿ ಎತ್ತುವುದು, ಮುರಿಯುವುದು, ಕಚ್ಚುವುದು, ತೀರ್ಪು, ತುಪ್ಪುವುದು. ಪ್ರತಿ ರಾಶಿಗೂ ಅವಳ ಪೆನ್ನು ಆಡುತ್ತಿತ್ತು.

"ಏನ್ ಬರ್ಯಾಕತ್ತೀ?" ಎಂದೆ.

"ನೀವು ಬಾಯಾಗ ಹಾಕ್ಕೊಂಡಿದ್ದು."

"ನಾ ಏನ್ ತಿಂದೆ? ಬರೇ ಮಾಲ್ ನೋಡಾಕತ್ತೇನಿ."

"ನೋಡೂದು ಕಣ್ಣೀಲೆ. ನೀವು ಹಲ್ಲೀಲೆ ನೋಡಾಕತ್ತೀರಿ. ಇದು ಹದಿನೇಳನೇದು."

"ಅದು ತಿನ್ನೂದಲ್ಲ, ಕೆಲಸ!"

"ಕೆಲಸ ಅಂತ ಹೊಟ್ಟಿಗೆ ಗೊತ್ತಾಗತೈತೇನ್ರಿ?"

ನಂಬಿ, ಆ ಗಳಿಗೆಯವರೆಗೆ ಇದು ನನಗೆ ಹೊಳೆದೇ ಇರಲಿಲ್ಲ. ತುಪ್ಪಿದರೂ ರಸ ಇಳಿಯುತ್ತದೆ, ಬೀಜ ಇಳಿಯುತ್ತದೆ. ಡಾಕ್ಟರ ಮುಂದೆ ನಾನು ಹಾಕಿದ ಆಣೆ ಸುಳ್ಳಾಣೆಯಲ್ಲ. ತಟ್ಟೆಗೆ ಬಡಿಸಿದ್ದು ಮಾತ್ರ ಊಟ, ರಾಶಿಯಿಂದ ಎತ್ತಿದ್ದು ವೃತ್ತಿ ಎಂದು ನಾನು ಮನಸ್ಸಿನಲ್ಲೇ ಗೋಡೆ ಕಟ್ಟಿಕೊಂಡಿದ್ದೆ.

ರೋಷ ಬಂತು. ಕಚ್ಚದೆಯೇ ತೀರ್ಪು ಕೊಟ್ಟು ತೋರಿಸುತ್ತೇನೆಂದು ಮುಂದಿನ ರಾಶಿಯ ಮೇಲೆ ಬಾಗಿ ಮೂಗು ಇಟ್ಟೆ. ಘಾಟು ನಳಿಗೆಯ ಪಕ್ಕದಿಂದ ನೇರ ನೆತ್ತಿಗೆ ಏರಿ ಸೀನು ಒತ್ತರಿಸಿ ಬಂತು. "ಸೀನಬ್ಯಾಡ್ರಿ, ನಳಿಗಿ ಹೊರಗ ಬರ್ತೈತಿ," ಎಂದು ದಿಲನಾಜ ಎದ್ದು ನಿಂತಳು. ಫಕ್ಕೀರಸಾಬ ಓಡಿ ಬಂದು ನನ್ನ ಮೂಗು ಹಿಡಿದ. ಅವನ ಕೈ ಬೆಳಗಿನಿಂದ ಮೆಣಸಿನಕಾಯಿ ಚೀಲ ಎತ್ತಿದ ಕೈ! ಮುಂದೆ ನಾನು ಸೀನಿದ ಇಪ್ಪತ್ತೆರಡು ಸೀನುಗಳು ವ್ಯಾಪಾರವನ್ನೇ ನಿಲ್ಲಿಸಿದವು. ಒಬ್ಬ ರೈತ ನನ್ನ ಕೆನ್ನೆಯ ಪಟ್ಟಿ ಒತ್ತಿ ಹಿಡಿದಿದ್ದ, ಇನ್ನೊಬ್ಬ ಸೊಂಟದ ಡಬ್ಬಿ ಎತ್ತಿ ಹಿಡಿದಿದ್ದ, ತೊಟ್ಟು ಬಿಡಿಸುವ ಮುದುಕಿಯೊಬ್ಬಳು ತನ್ನ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ನಳಿಗೆ ಉಳಿಯಿತು. ಮಾನದ ಮಾತು ಬೇರೆ.

ಕಣ್ಣೊರೆಸಿಕೊಂಡು, ಇದ್ದಬದ್ದ ಗತ್ತನ್ನು ಒಟ್ಟುಗೂಡಿಸಿ ಘೋಷಿಸಿದೆ: "ಮೊದಲ ನಂಬರ್ ಡಬ್ಬಿ ತಳಿ. ಬರಕೋರಿ ಪುಂಡಲೀಕಣ್ಣ."

"ಅಣ್ಣಾರ, ಸ್ವಲ್ಪ ತಡೀರಿ," ಎಂಬ ದನಿ ಬಂತು. ದಿಲನಾಜ ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಹಿಚುಕಿದಳು. "ಬೀಜದ ಸಪ್ಪಳಾನ ಇಲ್ಲ. ಮ್ಯಾಲೆ ಒಣಗೇತಿ, ತೂಕ ಬರ್ಲಿ ಅಂತ ಕೆಳಗ ನೀರ ಹೊಡ್ದಾರ."

ಫಕ್ಕೀರಸಾಬ ರಾಶಿಯೊಳಗೆ ಮೊಣಕೈತನಕ ತೋಳು ತೂರಿಸಿ ಒಂದು ಹಿಡಿ ಹೊರತೆಗೆದ. ಮೆತ್ತಗೆ, ಹಸಿ ಹಸಿ. ರೈತ ಆಕಾಶ ನೋಡತೊಡಗಿದ. ಪುಂಡಲೀಕಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ನನ್ನನ್ನಲ್ಲ, ಅವಳನ್ನು ನೋಡಿದ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಓಣಿಯ ಮನೆಮನೆಯ ಖಾರಪುಡಿಗೆ ಕಾಯಿ ಆರಿಸಿಕೊಡುವವಳು ಅವಳು. ಅದೊಂದು ವಿದ್ಯೆ ಎಂದು ನನಗೆ ಅನಿಸಿದ್ದು ಆ ದಿನ, ಅದೂ ಮೂಗಿನಲ್ಲಿ ನಳಿಗೆ ಇದ್ದಾಗ.

ಸಂಜೆ ನಳಿಗೆ ತೆಗೆದು, ಡಾಕ್ಟರು ಡಬ್ಬಿಯ ಗೆರೆಗಳ ಪಕ್ಕ ದಿಲನಾಜಳ ಪಟ್ಟಿ ಇಟ್ಟುಕೊಂಡು ಕುಳಿತರು. ಹಗಲಿನ ಗೆರೆ ಏರಿದಲ್ಲೆಲ್ಲ ಪಟ್ಟಿಯಲ್ಲಿ 'ಒಂದು ಕಾಯಿ', 'ಒಂದು ಕಾಯಿ' ಎಂದಿತ್ತು. ಮೂಗು ಕೈಕೊಟ್ಟ ಮೇಲೆ ನಾನು ಮತ್ತೆ ಹಲ್ಲಿಗೇ ಮರಳಿದ್ದೆನಲ್ಲ, ಒಟ್ಟು ನಲವತ್ತೊಂದು.

"ಈ ಪಟ್ಟಿ ಇರದಿದ್ರ ನಾ ಮುಂದಿನ ವಾರಾನ ಆಪರೇಷನ್ ಮಾಡ್ತಿದ್ದೆ," ಎಂದರು ಡಾಕ್ಟರು. "ಹಿಂಗ ಪಟ್ಟಿ ಬರದವ್ರನ್ನ ನಾ ಇನ್ನೂತನ ನೋಡಿಲ್ಲ. ಶಮಶೇರಸಾಬ್ರ, ಮೂರು ತಿಂಗಳು ಒಂದೂ ಕಾಯಿ ಕಚ್ಚಬ್ಯಾಡ್ರಿ. ಆಮ್ಯಾಲೆ ನೋಡೋಣು."

ಚಾಕು ತಪ್ಪಿತು! ಬಸ್ಸಿನಲ್ಲಿ ನಾನು ವಿಜಯೋತ್ಸವದಲ್ಲಿದ್ದೆ. ದಿಲನಾಜ ಮನೆಗೆ ಬಂದವಳೇ ಪಕ್ಕದ ಮನೆಯಿಂದ ಒಂದು ಬಟ್ಟಲು ಹಣ್ಣುಮೆಣಸಿನಕಾಯಿಯ ಕೆಂಪು ಚಟ್ನಿ ಇಸಿದುಕೊಂಡು ಬಂದು, ರೊಟ್ಟಿಗೆ ಹಚ್ಚಿ, ನನ್ನ ಎದುರಿಗೇ ಕುಳಿತು ತಿನ್ನತೊಡಗಿದಳು. ಕಣ್ಣಲ್ಲಿ ನೀರು.

"ಭಾಳ ಖಾರ ಐತೇನು?" ಎಂದೆ.

"ಎಂಟು ತಿಂಗಳಾತ್ರಿ ನಾ ಖಾರ ಮುಟ್ಟಿ. ರೂಢಿ ತಪ್ಪೇತಿ."

"ನೀ ಯಾಕ ಬಿಟ್ಟಿದ್ದಿ?"

"ಮಗ್ಗಲದಾಗ ಕುಂತು ನಾ ಖಾರ ತಿಂದ್ರ ನಿಮ್ಗ ಸಪ್ಪನ್ನ ಊಟ ಇಳೀತಿತ್ತೇನು?"

ನಾನು ಊರೆಲ್ಲ ಸಾರಿಕೊಂಡು ತಿರುಗಿದ ತ್ಯಾಗವನ್ನು ಅವಳು ಬಾಯಿ ಬಿಡದೆ ಮಾಡಿದ್ದಳು, ಅದೂ ನಾನು ಪೇಟೆಯಲ್ಲಿ ದಿನಕ್ಕೆ ನಲವತ್ತು ಕಚ್ಚುತ್ತಿದ್ದ ಕಾಲದಲ್ಲಿ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾಫ್ ಮಾಡು ಎಂದೆ. "ಮೊದ್ಲು ನುಚ್ಚು ಉಣ್ರಿ, ಆರಾಕತ್ತೇತಿ," ಎಂದಳು.

ಕಚ್ಚದೆ ನನಗೆ ಮಾಲು ತಿಳಿಯದು. ಹಾಗಾಗಿ ತಾತ್ಕಾಲಿಕ ವ್ಯವಸ್ಥೆಯಾಗಿ ಪೇಟೆಯ ದಿನಗಳಾದ ಸೋಮವಾರ, ಗುರುವಾರ ದಿಲನಾಜ ಮಾಲು ನೋಡುವುದು, ನಾನು ಪಕ್ಕದಲ್ಲಿ ನಿಂತು ಚೀಟಿ ಬರೆಯುವುದು ಎಂದಾಯಿತು. ಅವಳು ಹಿಚುಕುತ್ತಾಳೆ, ಕೇಳುತ್ತಾಳೆ, ಅಂಗೈಗೆ ಎರಡು ಹನಿ ನೀರು ಹಾಕಿ ತಿಕ್ಕಿ ಬಣ್ಣ ನೋಡುತ್ತಾಳೆ. ಒಂದು ಸಲವೂ ತಪ್ಪಲಿಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಕಾಗಿನೆಲೆ ಕಡೆಯ ರೈತರು ಅಂಗಡಿಗೆ ಕಾಲಿಡುತ್ತಲೇ "ಭಾಬಿ ಬಂದಾರೇನು?" ಎಂದು ಕೇಳುತ್ತಿದ್ದರು. ನಾನು ಹೆಮ್ಮೆಯಿಂದಲೇ ಚೀಟಿ ಬರೆಯುತ್ತಿದ್ದೆ. ಹೆಮ್ಮೆಯ ಅಡಿಯಲ್ಲಿ ಒಂಚೂರು ಉರಿಯೂ ಇತ್ತು, ಅದು ಹೊಟ್ಟೆಯದಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರು ಮತ್ತೆ ನೋಡಿದರು. "ಉರಿ ಮುಕ್ಕಾಲು ಪಾಲು ಹೋಗೇತಿ. ಆದ್ರ ಚೀಲದ ಬಾಯಿ ಸಡ್ಲು ಇದ್ದದ್ದು ಇದ್ದಂಗ ಐತಿ. ಗುಳಿಗಿ ಮ್ಯಾಲೆ ಇರ್ತೀರೋ, ಹೊಲಿಸಿಕೊಂಡು ಬಿಡ್ತೀರೋ, ನಿಮ್ಮ ಮರ್ಜಿ. ಹೊಲಿಸಿದ್ರ ಒಂದು ತಿಂಗಳು ಪ್ಯಾಟಿ ಕಡೆ ಹೋಗೂದು ಬ್ಯಾಡ."

"ನನ್ನ ಮರ್ಜಿ ಏನೈತ್ರಿ, ಸುಗ್ಗಿ ಇನ್ನೂ ಮುಗಿದಿಲ್ಲ. ಪುಂಡಲೀಕಣ್ಣ ಬಿಡಬೇಕಲ್ಲ," ಎಂದೆ. ಅವನು ಬಿಡಲಾರನೆಂಬ ಧೈರ್ಯ ನನಗೆ ಪೂರ್ತಿ ಇತ್ತು.

ಅಂಗಡಿಗೆ ಹೋಗಿ, ಆದಷ್ಟು ಸಣ್ಣ ಮುಖ ಮಾಡಿಕೊಂಡು, ಒಂದು ತಿಂಗಳ ರಜೆ ಕೇಳಿದೆ.

"ಒಂದ ತಿಂಗಳು ಯಾಕ, ಎರಡು ತಗೋರಿ," ಎಂದ ಪುಂಡಲೀಕಣ್ಣ. "ಶರೀರಕ್ಕಿಂತ ಪ್ಯಾಟಿ ದೊಡ್ಡದೇನ್ರಿ?"

ಇಪ್ಪತ್ತೆಂಟು ವರ್ಷದ ಋಣ ಎಂದರೆ ಇದು ಎಂದು ನನ್ನ ಕಣ್ಣು ತುಂಬಿ ಬಂತು. ಹೊರಡಲು ಎದ್ದೆ. ಅವನು ಬಾಗಿಲ ತನಕ ಬಂದು, ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಹೇಳಿದ:

"ಆದ್ರ ಒಂದ ಮಾತು ಶಮಶೇರಸಾಬ್ರ. ದವಾಖಾನ್ಯಾಗ ನಿಮ್ಮ ಜೋಡಿ ಇರಾಕ ಬ್ಯಾರೆ ಯಾರನ್ನರ ನೋಡ್ಕೋರಿ. ಭಾಬಿಗೆ ಗುರುವಾರ ಪ್ಯಾಟಿ ಐತಿ."