ಪಟ್ಟಿಯಲ್ಲಿ ಹೆಸರಿಲ್ಲ

ನಮ್ಮ ಸೋದರಮಾವ ಮಿರ್ಲೆ ಸುತ್ತಮುತ್ತ ಬಹಳ ಹೆಸರುವಾಸಿ. ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ! 'ಹೆಸರು' ಎಂಬ ಆ ಮೂರಕ್ಷರ ಮಾಡಿದ ಅನಾಹುತ ಕಣ್ಣಾರೆ ಕಂಡಮೇಲೆ ನನಗೆ ಅದರ ಸಹವಾಸವೇ ಸಾಕಾಗಿದೆ.

ಅದು ಕೊರೊನಾ ವರ್ಷ. ಅಪ್ಪ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ನಮ್ಮವ್ವ, ಮಾವನ ಒಂದು ಎಕರೆಯಲ್ಲಿ ಭತ್ತಕ್ಕೆ ಮುಂಚೆ ಹೆಸರುಕಾಳು ಬೆಳೆದಿದ್ದಳು. ಬಿತ್ತಿದ್ದು, ಕಳೆ ಕಿತ್ತಿದ್ದು, ಕಾಯಿ ಬಿಡಿಸಿದ್ದು ಎಲ್ಲ ಅವಳೇ. ಪಹಣಿ ಮಾತ್ರ ಮಾವನ ಹೆಸರಿನಲ್ಲಿ. ಸಂತೆ ಬಂದ್ ಆಗಿ ಮೂಟೆಗಳು ಪಡಸಾಲೆಯಲ್ಲೇ ಕೂತವು. ಅಷ್ಟರಲ್ಲಿ ಸರ್ಕಾರ ರೈತರಿಗೆ ಪರಿಹಾರ ಕೊಡುತ್ತದೆ ಎಂದು ಟಿವಿಯಲ್ಲಿ ಬಂತು. ಮಾವ ಎದ್ದ!

ಮುಖಕ್ಕೆ ಟವೆಲ್ ಸುತ್ತಿ, ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದ. ಕಚೇರಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಎರಡು ಗಂಟೆ ಬಿಸಿಲಿನಲ್ಲಿ ಅದರೊಳಗೆ ಒಣಗಿದೆವು. ರೈತರ ಅನುಕೂಲಕ್ಕೇ ಬರೆದದ್ದಂತೆ!

ಕೊನೆಗೆ ಕಿಟಕಿಯಾಚೆಯ ಗುಮಾಸ್ತರು ಮಾಸ್ಕಿನೊಳಗಿಂದ ಕೇಳಿದರು: "ಏನ್ರೀ ಬೆಳೆ?"

"ಎಸ್ರು, ಸ್ವಾಮಿ."

"ನಿಮ್ ಹೆಸರು ಆಮೇಲೆ. ಬೆಳೆ ಹೆಸರು ಹೇಳ್ರೀ."

"ಅದ್ನೇ ಏಳ್ತಾ ಇಲ್ವಾ? ಬೆಳೆ ಎಸ್ರು, ಎಸ್ರು!"

ಮಾವ ಜೇಬಿನಿಂದ ಒಂದು ಹಿಡಿ ಕಾಳು ತೆಗೆದು ಕಿಟಕಿಯಲ್ಲಿ ಸುರಿದೇಬಿಟ್ಟ. ಗುಮಾಸ್ತರು ಮೊದಲು ಕಾಳಿಗೆ ಸ್ಯಾನಿಟೈಸರ್ ಹೊಡೆದು, ಆಮೇಲೆ ಕಣ್ಣು ಹಾಯಿಸಿದರು.

ಅರ್ಜಿ ತುಂಬಿಸುವಾಗ ಇನ್ನೊಂದು ರಾಮಾಯಣ. 'ರೈತರ ಹೆಸರು' ಎಂಬಲ್ಲಿ ಅವ್ವನ ಹೆಸರು ಬರೆಯೆಂದ ಮಾವ. "ಪಹಣಿ ನಿಂದಲ್ವಾ ಮಾವ?" ಎಂದೆ.

"ಬೆಳ್ದೋಳು ಅವ್ಳು ಕಣ್ಲಾ. ನಾನೇನ್ ಬೆಳ್ದೆ? ಮೀಸೆ ಬೆಳ್ದೆ!"

ಹದಿನೈದು ದಿನ ಬಿಟ್ಟು ಹೋದರೆ ಗುಮಾಸ್ತರು ತಲೆಯಾಡಿಸಿದರು. "ಪಟ್ಟೀಲಿ ಹೆಸರಿಲ್ಲ."

"ಯಾವ ಎಸ್ರಿಲ್ಲ? ನನ್ ತಂಗೀದಾ, ಕಾಳಾ?"

"ಎರಡೂ ಇಲ್ಲ. ಪರಿಹಾರ ಇರೋದು ಹೂವು, ತರಕಾರಿ ಅಂಥದ್ದಕ್ಕೆ. ನಿಮ್ ತಂಗಿ ಪಹಣೀಲೇ ಇಲ್ಲ. ಸರ್ಕಾರದ ಪ್ರಕಾರ ಅವರು ರೈತರೇ ಅಲ್ಲ."

ಕೊರೊನಾಗೆ ಎಷ್ಟು ತಿಳಿವಳಿಕೆ ನೋಡಿ! ಸೇವಂತಿಗೆಗೆ ತಗುಲಿತು, ಟೊಮೆಟೊಗೆ ತಗುಲಿತು, ಹೆಸರಿನ ತಂಟೆಗೆ ಮಾತ್ರ ಬರಲಿಲ್ಲ! ಮಾವ ಜಗಳ ತೆಗೆಯುತ್ತಾನೆಂದು ಕಾದೆ. ಅವನು ಟವೆಲ್ ಬಿಗಿದುಕೊಂಡು ಬಂದು ಬೈಕ್ ಹತ್ತಿದ.

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಹೆಸರುಕಾಳಿನ ಸಾರು, ಹೆಸರುಬೇಳೆ ಪಾಯಸ, ಕೋಸಂಬರಿ. ನೆಂಟರು ಬರುವುದನ್ನೇ ಬಿಟ್ಟರು! ಮಾವ ಮಾತ್ರ ವಾರಕ್ಕೊಮ್ಮೆ ಟವೆಲ್ ಕೊಡವಿಕೊಂಡು ಕಚೇರಿಗೆ ಹೊರಡುತ್ತಿದ್ದ. "ಎಲ್ಲಿಗೆ?" ಎಂದರೆ, "ಎಸ್ರು ಸರಿ ಮಾಡ್ಸಕ್ಕೆ."

ಹಿಡಿ ಕಾಳಿನ ಪರಿಹಾರಕ್ಕೆ ಪೆಟ್ರೋಲ್ ಸುಡುತ್ತಾನೆಂದು ಊರು ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಮರುವರ್ಷ ಅವ್ವ ಜಗಲಿಯಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಾಗ ಮಾವ ಬಂದು ಅವಳ ಮಡಿಲಿಗೆ ಒಂದು ಕಾಗದ ಹಾಕಿದ. "ಎಸ್ರು ಸರಿಯಾಗಿ ಅದಾ ನೋಡವ್ವ" ಎಂದವನೇ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಅವ್ವನಿಗೆ ಓದಲು ಬಾರದು. ಕಾಗದ ನನ್ನ ಕೈಗೆ ಬಂತು. ಪಹಣಿ. ಆ ಒಂದು ಎಕರೆಯನ್ನು ಅವಳಿಗೇ ಬರೆದುಕೊಟ್ಟಿದ್ದ. ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಏನ್ ಬರ್ದವ್ರೆ ಮಗ?"

"ಎಸ್ರು."

"ಕಾಳಾ?"

"ಅಲ್ಲ ಕಣವ್ವ. ನಿಂದು."

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಎಲ್ಲದೆ? ಬೆರಳಿಟ್ಟು ತೋರ್ಸು."