ಕಣ್ಣಿನ ಕರೆಗೆ ಆಧಾರವೇನು?

ಆಧಾರವಿಲ್ಲದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು ಎಂಬುದು ಸಂಶೋಧಕನಾಗಿ ನಾನು ಪಾಲಿಸಿಕೊಂಡು ಬಂದ ನಿಯಮ. ನಿವೃತ್ತಿಯ ನಂತರ ಈ ನಿಯಮದಿಂದ ಲೋಕಕ್ಕೆ ಯಾವ ಪ್ರಯೋಜನವೂ ಉಳಿಯಲಿಲ್ಲ. ಮನೆಯವರಿಗೆ ಉಪದ್ರವ ಮಾತ್ರ ಮುಂದುವರಿಯಿತು. ಮದುವೆಯ ಆಮಂತ್ರಣ ಬಂದರೆ ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಮೊದಲು ನೋಡುತ್ತೇನೆ. ವಧೂವರರ ಹೆಸರು ಆಮೇಲೆ. ಅಥಣಿಯ ನೆಂಟರೊಬ್ಬರ ಮನೆಗೆ ದಿನಕರ್ಮದ ಊಟಕ್ಕೆ ಹೋಗಿದ್ದಾಗ, ತೀರಿಹೋದ ಹಿರಿಯರ ಭಾವಚಿತ್ರದ ಕೆಳಗೆ ಬರೆಸಿದ್ದ ಜನ್ಮದಿನಾಂಕ ನಿಜವಾದರೆ ಅವರು ತಮ್ಮ ಸ್ವಂತ ತಮ್ಮನಿಗಿಂತ ಚಿಕ್ಕವರಾಗುತ್ತಾರೆ ಎಂಬುದನ್ನು ಪಂಕ್ತಿಯಲ್ಲೇ ನಿರೂಪಿಸಿದೆ. ಆ ವರ್ಷದಿಂದ ಅವರ ತೋಟದ ದ್ರಾಕ್ಷಿ ನಮ್ಮ ಮನೆಗೆ ಬರುವುದು ನಿಂತಿದೆ. ಇಂಥ ನಾನು ಈ ಇಳಿವಯಸ್ಸಿನಲ್ಲಿ ಹೆಜ್ಜೆಯಿಡುವುದನ್ನೇ ಹೊಸದಾಗಿ ಕಲಿಯಬೇಕಾಯಿತು. ಅದೂ ಟ್ಯಾಂಗೋ ಎಂಬ ದೂರದೇಶದ ಜೋಡಿ ಕುಣಿತದಲ್ಲಿ.

ಇದಕ್ಕೆ ಮೂಲಕಾರಣ ನನ್ನ ಹೆಂಡತಿ ಸುಮಿತ್ರಾಳ ಮೊಣಕಾಲು. ನಾವಿರುವುದು ಚಿಕ್ಕೋಡಿಯಲ್ಲಿ, ಮೊಣಕಾಲಿನ ವ್ಯಾಯಾಮಕ್ಕೆಂದು ಹೋಗುತ್ತಿದ್ದುದು ನಿಪ್ಪಾಣಿಯ ವೈಶಾಲಿತಾಯಿ ಎಂಬ ಫಿಜಿಯೋಥೆರಪಿಸ್ಟ್ ಬಳಿಗೆ. ದಿನಾ ನಡೆಯಿರಿ ಎಂದು ಆಕೆ, ಒಬ್ಬಳೇ ನಡೆಯಲು ಬೇಸರ ಎಂದು ಇವಳು. ಪುಣೆಯಲ್ಲಿ ಓದುವಾಗ ಟ್ಯಾಂಗೋ ಕಲಿತಿದ್ದ ಆಕೆ ಕೂಡಲೇ ಪರಿಹಾರ ಸೂಚಿಸಿದರು: "ಹಂಗಾರ ಜೋಡಿಲೆ ನಡೀರಿ ಮಾವಶಿ. ಟ್ಯಾಂಗೋ ಅಂದ್ರ ಮತ್ತೇನ, ಹಾಡ ಹಚ್ಚಿ ನಡಿಯೂದು. ಕಾಕಾನೂ ಕರಕೊಂಡ ಬರ್ರಿ." ಶನಿವಾರ ಸಂಜೆಯ ಈ ಪಾಠ ನಡೆಯುತ್ತಿದ್ದುದು ಹಳೆಯ ತಂಬಾಕಿನ ಗೋದಾಮಿನ ಮೇಲಿನ ಸಭಾಗೃಹದಲ್ಲಿ. ಗೋದಾಮು ಖಾಲಿಯಾಗಿ ಎಷ್ಟೋ ಕಾಲವಾದರೂ ಘಾಟು ಖಾಲಿಯಾಗಿರಲಿಲ್ಲ. ವಿರಹದ ಪಿಟೀಲು ಉತ್ಕಟವಾದ ಗಳಿಗೆಯಲ್ಲೇ, ಅಪ್ಪಿ ನಿಂತ ಜೋಡಿಗಳು ಒಬ್ಬರ ಹೆಗಲ ಮೇಲೊಬ್ಬರು ಸೀನುತ್ತಿದ್ದರು.

ಈ ಕುಣಿತದ ಸಂಪ್ರದಾಯಗಳ ಮುಂದೆ ನಮ್ಮ ಮಡಿ-ಮೈಲಿಗೆಗಳು ಏನೇನೂ ಅಲ್ಲ. ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಸುತ್ತಬೇಕು. ಮಂಗಸೂಳಿಯ ದ್ರಾಕ್ಷಿ ಬೆಳೆಗಾರ ರಾವಸಾಹೇಬರಿಗೆ ಇದು ಒಗ್ಗಲೇ ಇಲ್ಲ. ವಾರವಾರವೂ ಮಲ್ಲಯ್ಯನ ಗುಡಿ ಸುತ್ತಿದ ಕಾಲುಗಳು ತಾವಾಗಿಯೇ ಪ್ರದಕ್ಷಿಣೆಗೆ ತಿರುಗಿ, ಎದುರಿನಿಂದ ಬಂದ ಜೋಡಿಗಳ ಮೇಲೆ ಕಬ್ಬಿನ ಟ್ರ್ಯಾಕ್ಟರಿನಂತೆ ಹಾಯುತ್ತಿದ್ದವು. "ಉಲ್ಟಾ ಸುತ್ತಂದ್ರ ಕಾಲ ಕೇಳಾಂಗಿಲ್ರಿ ತಾಯಿ. ಮಲ್ಲಯ್ಯ ಏನ ಅಂದಾನು?" ಎಂದು ಅವರು ಅಲವತ್ತುಕೊಂಡರೆ, ವೈಶಾಲಿತಾಯಿ, "ನಡುವ ದೇವರಿಲ್ರಿ ಕಾಕಾ, ಬರೇ ಫ್ಯಾನ್ ಐತಿ," ಎಂದರು.

ಇನ್ನೊಂದು ಕಟ್ಟಳೆ ಥ್ಯಾಂಕ್ಯೂ ಕುರಿತದ್ದು. ಒಂದು ಸರದಿಗೆ ನಾಲ್ಕು ಹಾಡು. ಮುಗಿಯುವ ಮೊದಲೇ ಸೌಜನ್ಯದಿಂದ ಥ್ಯಾಂಕ್ಯೂ ಅಂದಿರೋ, 'ನಿನ್ನ ಸಹವಾಸ ಸಾಕು' ಎಂದು ಅರ್ಥ. ಎಲ್ಲಕ್ಕಿಂತ ಕಠಿಣವಾದದ್ದು ಕರೆಯುವ ರೀತಿ. "ಬರ್ರಿ ಕುಣಿಯೋಣು" ಎಂದು ಬಾಯಿಬಿಟ್ಟು ಕೇಳುವುದು ಅನಾಗರಿಕ. "ದುರೂನ್ ಬಘಾಯಚಂ, ಮಾನ್ ಹಲವಾಯಚಿ, ಬಸ್!" ಎಂದು ವೈಶಾಲಿತಾಯಿ ಮರಾಠಿಯಲ್ಲಿ ಸೂತ್ರೀಕರಿಸಿದ್ದರು. ದೂರದಿಂದ ನೋಡುವುದು, ತಲೆಯಾಡಿಸುವುದು, ಅಷ್ಟೇ. ಒಪ್ಪಿಗೆಯಿದ್ದರೆ ಅವರು ಏಳುತ್ತಾರೆ. ಇಲ್ಲದಿದ್ದರೆ ಮುಖ ತಿರುಗಿಸುತ್ತಾರೆ.

ತಿಂಗಳಿಗೊಮ್ಮೆ ಪಾಠವಿಲ್ಲದೆ ಬರಿಯ ಕುಣಿತದ ಸಂಜೆ. ಮೊದಲನೆಯದರಲ್ಲಿ ನಾನು ಚೀಲ ಹಿಡಿದು ಗೌರವಾನ್ವಿತನಾಗಿ ಕುಳಿತಿದ್ದೆ. ಎರಡನೆಯದರ ಮುಂಚಿನ ದಿನ ಸುಮಿತ್ರಾ ನೇರವಾಗಿ ಹೇಳಿದಳು: "ನಾಳೆ ನೀವ ನನ್ನ ಕರೀಬೇಕ. ಬಾಯಿಲೆ ಅಲ್ಲ, ಕಣ್ಣಿಲೆ. ಹೋದ ಸಲ ಎಲ್ಲಾರೂ ಎದ್ದ ಹೋದ್ರು, ನಾ ಒಬ್ಬಾಕಿ ಗ್ವಾಡಿಗಿ ಆನಿಸಿಟ್ಟ ಗೋಣಿಚೀಲದಂಗ ಕುಂತಿದ್ನಿ."

"ಈ ಕಣ್ಣಿಲೆ ಕರಿಯೂ ಪದ್ಧತಿ ಯಾವ ಕಾಲದ್ದು ಅಂತ ಇನ್ನೂ ಖಾತ್ರಿ ಆಗಿಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರ," ಎಂದೆ.

"ಅಕ್ಕಿಕಾಳ ಹಾಕೂ ಪದ್ಧತಿ ಯಾವ ಕಾಲದ್ದಂತ ಖಾತ್ರಿ ಮಾಡ್ಕೊಂಡ ನನಗ ತಾಳಿ ಕಟ್ಟಿದ್ರೇನ? ನಾಳೆ ಕರೀಲಿಲ್ಲಂದ್ರ ಇನ್ನ ನಾ ನಿಪ್ಪಾಣಿ ಕಡೆ ಕಾಲ ಹಾಕಾಂಗಿಲ್ಲ. ಮೊಣಕಾಲ ಹೋದ್ರ ಹೋಗ್ಲಿ."

ಮರುದಿನ ಅವಳು ಎದುರಿನ ಗೋಡೆಗೆ ಹೋಗಿ ಕುಳಿತಳು, ನಾನು ಈ ಗೋಡೆಗೆ. ಕರೆಯಬೇಕೆಂದು ನಿಶ್ಚಯಿಸಿಯೇ ತಲೆಯೆತ್ತಿದೆ. ದುರದೃಷ್ಟವಶಾತ್ ತುಸು ಹೆಚ್ಚೇ ಎತ್ತಿದೆ. ಅವಳ ತಲೆಯ ಮೇಲ್ಗಡೆ ಸಭಾಗೃಹದ ಉದ್ಘಾಟನೆಯ ಕಲ್ಲಿನ ಫಲಕವಿತ್ತು. ತಾರೀಖಿನ ಮುಂದೆ ಸೋಮವಾರವೆಂದು ಕೆತ್ತಿತ್ತು. ಏಕೋ ಸಂಶಯವಾಯಿತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಧಿಕ ವರ್ಷಗಳನ್ನು ಕಳೆದು, ಕೂಡಿ, ಮತ್ತೊಮ್ಮೆ ತಾಳೆ ನೋಡಿದೆ. ಅದು ಮಂಗಳವಾರ! ಸತ್ಯದರ್ಶನವಾದ ಸಂತೋಷದಲ್ಲಿ ನನ್ನ ತಲೆ ತಾನಾಗಿ ಆಡಿತು.

ಕೆಳಗೆ ಸುಮಿತ್ರಾ ಎದ್ದು ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡು ಚೀಲ ಹಿಡಿದೇ ಹೋದೆ. ಅವಳು ಚೀಲವನ್ನು ಕಿತ್ತು ಕುರ್ಚಿಯ ಮೇಲಿಟ್ಟು, ನನ್ನ ಹೆಗಲಿಗೆ ಕೈಹಾಕಿ, "ಎಷ್ಟೊತ್ತ ನೋಡಿದ್ರಿ! ಮಂದಿ ಏನ ತಿಳಕೊಂಡಾರು?" ಎಂದಳು. ಮುಖದಲ್ಲಿ ನಗು ತುಂಬಿತ್ತು. ಮಂಗಳವಾರದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಸಂಶೋಧಕನೊಬ್ಬ ತನ್ನ ಶೋಧವನ್ನು ನಾಲ್ಕು ಹಾಡುಗಳ ಕಾಲ ಅಪ್ರಕಟಿತವಾಗಿ ಇಟ್ಟುಕೊಳ್ಳುವುದು ಎಂಥ ತ್ಯಾಗವೆಂಬುದನ್ನು ಇತರರು ಅರಿಯಲಾರರು.

ಆದರೆ ಸಭಾಗೃಹದ ಮಾಲೀಕರಿಗೆ ತಿಳಿಸದೆ ಇರಲು ನನ್ನಿಂದಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ತಿದ್ದುಪಡಿಯನ್ನು ಒಬ್ಬರು ಒಪ್ಪಿದರು. ಮುಂದಿನ ತಿಂಗಳು ಹೋದರೆ ಫಲಕವನ್ನು ತಿದ್ದಿಸಲು ತೆಗೆದಿದ್ದರು. ಗೋಡೆಯ ಮೇಲೆ ಬೆಳ್ಳಗಿನ ಒಂದು ಚೌಕ ಮಾತ್ರ ಉಳಿದಿತ್ತು. ಓದಲು ಅಕ್ಷರವಿಲ್ಲದ್ದರಿಂದ ನನ್ನ ದೃಷ್ಟಿ ವಿಧಿಯಿಲ್ಲದೆ ಕೆಳಗಿಳಿದು ಸುಮಿತ್ರಾಳ ಮುಖದ ಮೇಲೆ ನಿಂತಿತು. ಅವಳ ಎಡಗೆನ್ನೆಯಲ್ಲಿದೆಯೆಂದು ನಾನು ಇಷ್ಟು ವರ್ಷ ನಂಬಿದ್ದ ಮಚ್ಚೆ ಬಲಗೆನ್ನೆಯಲ್ಲಿತ್ತು. ಎದುರಿಗಿರುವವರ ಎಡ-ಬಲಗಳನ್ನು ಅದಲುಬದಲು ಮಾಡಿಯೂ ನೋಡಿದೆ. ಬಲವೇ. ಸಂಕೋಚದಿಂದ ತಲೆಯಾಡಿಸಿದೆ. ಅವಳು ಮುಖ ತಿರುಗಿಸಿ ಫ್ಯಾನ್ ನೋಡತೊಡಗಿದಳು.

ಆ ಸರದಿಯುದ್ದಕ್ಕೂ ಗೋಣಿಚೀಲದಂತೆ ನಾನೇ ಕುಳಿತೆ. ಮುಂದಿನ ಸರದಿಗೆ ಮತ್ತೆ ನೋಡಿದೆ, ಈ ಬಾರಿ ಕನ್ನಡಕವನ್ನು ಸರಿಯಾಗಿ ಏರಿಸಿಕೊಂಡು. ಎದ್ದು ಬಂದಳು. ಮೊದಲ ಹಾಡಿನ ನಡುವೆ ಕಿವಿಯ ಹತ್ತಿರ ಹೇಳಿದಳು: "ಫಲಕ ತಗಿಸಿದ್ರಂತಲ್ಲ. ಪಾಪ, ಹೋದ ಸಲ ನೀವ ಅದರ ಕೂಡ ಕುಣಿಯಾವ್ರಿದ್ರಿ."

"ನಿನಗ ಗೊತ್ತಿತ್ತಾ?"

"ತಾರೀಖ ತಪ್ಪ ಸಿಕ್ಕಾಗ ನಿಮ್ಮ ಮಾರಿ ಹ್ಯಾಂಗ ಅರಳತೈತಿ ಅಂತ ನನಗ ಗೊತ್ತಿಲ್ಲೇನ್ರಿ?"

"ಮತ್ತ ಎದ್ದಿ ಯಾಕ?"

"ಕಲ್ಲ ಅಂತೂ ಎದ್ದ ಬರೂದಿಲ್ಲ. ಯಾರರ ಒಬ್ರು ಏಳಬೇಕಾಗಿತ್ತಲ್ಲ."

ಹಾಡು ನಿಂತಿತು. ನನ್ನ ಬಾಯಿಗೆ ಬಂದದ್ದು ಥ್ಯಾಂಕ್ಯೂ ಎಂಬ ಒಂದೇ ಮಾತು. ಇನ್ನೂ ಮೂರು ಹಾಡು ಬಾಕಿಯಿದ್ದುದರಿಂದ ಅದನ್ನು ನುಂಗಿದೆ. ನುಂಗಿದ್ದು, ಗೋದಾಮಿನ ದಯೆಯಿಂದ, ಸೀನಾಗಿ ಹೊರಬಂತು; ಸುಮಿತ್ರಾಳೂ ಸೀನಿದಳು. ಇಬ್ಬರಲ್ಲಿ ಮೊದಲು ಸೀನಿದವರು ಯಾರೆಂಬುದನ್ನು ನಾನು ಖಾತ್ರಿ ಮಾಡಿಕೊಂಡಿಲ್ಲ.