ಮೇವಿನ ಮೂಟೆಯ ಮೇಲಿನ ನೆಟ್ಟಗಿನ ಮೀನಿಗೆ, ಬೆನ್ನು ಬಗ್ಗಿದ ಮೀನುಗಳ ಪರವಾಗಿ

ಮೀನಿನ ಮೇವಿನ ಮೂಟೆಯ ಮೇಲೆ ಸದಾ ನಗುನಗುತ್ತಾ ಅಚ್ಚಾಗಿರುವ ಮೀನಿನವರ ಸನ್ನಿಧಾನಕ್ಕೆ, ಕಿಕ್ಕೇರಿ ಹೋಬಳಿಯ ನಮ್ಮ ಮಹಿಳಾ ಮೀನು ಸಾಕಣೆ ಸಂಘದ ಹನ್ನೊಂದು ಜನರ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಹೊಟ್ಟೆಯ ಕೆಳಗೆ ಅಚ್ಚು ಹಾಕಿಸಿ ಕೊಟ್ಟ ಮಾತು: ಈ ಮೇವಿನಲ್ಲಿ ರಂಜಕವಿದೆ, ಸತುವಿದೆ, ಕಬ್ಬಿಣವಿದೆ, ಬೇರೇನೂ ಹಾಕಬೇಕಾಗಿಲ್ಲ. ನಮಗೆ ಸಿಕ್ಕಿದ್ದು: ಬೆನ್ನು ಬಗ್ಗಿದ ಕಾಟ್ಲಾ ಮೀನು, ಕಣ್ಣಿಗೆ ಪೊರೆ ಬಂದ ರೋಹು ಮೀನು, ಕೆಂಪಗಿರಬೇಕಾದ ಕಿವಿರು ಸುಣ್ಣದಂತೆ ಬಿಳಿಚಿಕೊಂಡ ಮರಿಗಳು. ತಮ್ಮ ಕಂಪನಿಯವರಿಗೆ ಮೇವನ್ನು ಪರೀಕ್ಷೆ ಮಾಡಿಸಿ ಎಂದೆವು, ಇಲ್ಲ ಎಂದರು. ಬೇರೆ ಮೂಟೆ ಕೊಡಿ ಎಂದೆವು, ಇಲ್ಲ ಎಂದರು. ತಪ್ಪಾಯಿತು ಎಂದಾದರೂ ಹೇಳಿ ಎಂದೆವು, ಅದಂತೂ ಇಲ್ಲವೇ ಇಲ್ಲ ಎಂದರು.

ಕಂಪನಿಯವರನ್ನು ಬಿಟ್ಟು ತಮಗೇ ಏಕೆ ಬರೆಯುತ್ತಿದ್ದೇವೆಂದರೆ, ಏಳು ತಿಂಗಳಿಂದ ನಮ್ಮ ಹೊಂಡದ ದಡ ಬಿಟ್ಟು ಕದಲದೆ, ಬಿಸಿಲು ಮಳೆ ಎನ್ನದೆ, ನಾವು ಬೈದರೂ ನಗುತ್ತಲೇ ಕೂತಿರುವ ಕಂಪನಿಯ ಏಕೈಕ ಪ್ರತಿನಿಧಿ ತಾವು. ಮೇಲಾಗಿ, ತಮ್ಮ ಬೆನ್ನು ಅದೆಷ್ಟು ನೆಟ್ಟಗಿದೆ!

ನಮ್ಮ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುವುದರಿಂದ ಮೀನುಗಳಿಗೆ ಮೇಯಲು ಕೆಸರಿಲ್ಲ. ತಾವು ಹೊತ್ತು ತಂದದ್ದೇ ಅನ್ನ. ನಾಲ್ಕನೇ ತಿಂಗಳು ಬಲೆ ಎಳೆದಾಗ ಕುಡುಗೋಲಿನಂತೆ ಬಾಗಿದ್ದ ಕಾಟ್ಲಾ ನೋಡಿ ನಮ್ಮ ಕುಳ್ಳಮ್ಮನವರು "ಇದೇನ್ರವ್ವ, ಮೀನು ಸಾಕುದ್ವೋ ಕುಡ್ಲು ಸಾಕುದ್ವೋ!" ಎಂದು ಬಾಯಿ ಬಡಿದುಕೊಂಡರು. ತಮ್ಮ ಕಂಪನಿಯ ತಜ್ಞ ರಘುನಂದನ್ ಅವರು ದಯಮಾಡಿಸಿ, ಲೋಕದಲ್ಲಿ ಯಾರಿಗೂ ಹೊಳೆಯದ ಸತ್ಯವೊಂದನ್ನು ಕಂಡುಹಿಡಿದರು: ಹೊಂಡ ದುಂಡಗಿದೆ, ಒಂದೇ ಕಡೆಗೆ ಸುತ್ತಿ ಸುತ್ತಿ ಮೀನುಗಳ ಬೆನ್ನು ಬಗ್ಗಿದೆ. ಇಪ್ಪತ್ತು ವರ್ಷ ಗಾಣಕ್ಕೆ ಎತ್ತು ಹೂಡಿದ್ದ ಬೋರಯ್ಯನವರು "ಅಂಗಾರೆ ನನ್ ಎತ್ಗೊಳು ಬಾಳೆಕಾಯಾಗ್ಬೇಕಿತ್ತಲ್ಲ ಸ್ವಾಮಿ?" ಎಂದು ಕೇಳಿದ್ದಕ್ಕೆ, ನೀರಿನಲ್ಲಿ ಸುತ್ತುವುದೇ ಬೇರೆ ಎಂದು ತಿಳಿವಳಿಕೆ ಹೇಳಿದರು.

ಇಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಅವರು ಅದನ್ನೇ ವರದಿ ಬರೆದು ಪಂಚಾಯಿತಿಗೆ ಕೊಟ್ಟಿದ್ದಾರೆ. ಎರಡು ಬೇಸಿಗೆ ಅಲೆದು, ಪಂಚಾಯಿತಿ ಬಾಗಿಲಲ್ಲಿ ಧರಣಿ ಕೂತು ನಾವು ಪಡೆದ ಹೊಂಡವನ್ನು, ಆಕಾರದೋಷದ ಹೆಸರಿನಲ್ಲಿ ಕಿತ್ತುಕೊಂಡು ಮುಚ್ಚಿಬಿಡುವ ವಿಷಯ ಈಗ ಸಭೆಗೆ ಬರುತ್ತಿದೆ.

ಮೀನುಗಾರಿಕೆ ಓದಿರುವ ನಮ್ಮೂರ ಅನಿತ, ಇದು ಖನಿಜದ ಕೊರತೆ, ರಂಜಕ ಸಾಲದೆ ಮೂಳೆ ಸೊಟ್ಟಗಾಗಿದೆ, ಸತುವಿಲ್ಲದೆ ಕಣ್ಣು ಮಂಜಾಗಿದೆ ಎಂದಳು. ಖನಿಜವೆಂದರೆ ಹಸು ಕಟ್ಟಿದ ನಮಗೆ ಗೊತ್ತಿರುವುದು ಹಾಲಿನ ಡೇರಿಯಲ್ಲಿ ಕೊಡುವ ಪುಡಿ. ನಮ್ಮ ಸಂಘದ ಪುಟ್ಟತಾಯಮ್ಮನವರು ಅದನ್ನು ನೀರಿಗೆ ಎರಚಿದರು. ಮೀನಿನ ಬಾಯಿ ಸೇರುವ ಮೊದಲೇ ಕರಗಿಹೋಯಿತು. ಆಮೇಲೆ ಅನಿತ ಹೇಳಿದ ಅಳತೆಯಲ್ಲಿ ಪುಡಿಯನ್ನೂ ತಮ್ಮ ಮೇವನ್ನೂ ರಾಗಿ ಹಿಟ್ಟಿಗೆ ಸೇರಿಸಿ, ಮುದ್ದೆ ಕಟ್ಟಿ, ಕುಕ್ಕೆಯಲ್ಲಿಟ್ಟು ನೀರಿಗೆ ಇಳಿಬಿಟ್ಟರು. "ಸಾರಿಲ್ದೆ ಬರೀ ಮುದ್ದೆ ಎಂಗುಂಡವು ಕಣವ್ವ, ಪಾಪ" ಎಂದು ಕುಳ್ಳಮ್ಮನವರು ಮೊದಲ ದಿನ ಹುರುಳಿ ಸಾರು ಸುರಿದದ್ದು ಮಾತ್ರ ನಮ್ಮ ತಪ್ಪು. ತಪ್ಪಾಯಿತು. ನೋಡಿ, ಹೇಳುವುದು ಅಷ್ಟೇನೂ ಕಷ್ಟವಲ್ಲ.

ಇದೆಲ್ಲ ನಡೆದದ್ದು ಹೊಸದಾಗಿ ಮರಿ ಬಿಟ್ಟಿದ್ದ ಪಕ್ಕದ ಮರಿಹೊಂಡದಲ್ಲಿ. ಅದೇ ನೀರು, ಅದೇ ಹಾಳೆ. ಇನ್ನೂ ಚಿಕ್ಕದು, ಇನ್ನೂ ದುಂಡಗೆ, ತಜ್ಞರ ಲೆಕ್ಕದಲ್ಲಿ ಅಲ್ಲಿನ ಮರಿಗಳು ಚಕ್ಕುಲಿಯಾಗಿರಬೇಕಿತ್ತು. ಮೂರು ತಿಂಗಳು ಮುದ್ದೆ ಉಂಡು ತಮ್ಮಷ್ಟೇ ನೆಟ್ಟಗಿವೆ. ದೊಡ್ಡ ಹೊಂಡದಲ್ಲಿ ಬಗ್ಗಿದವು ಬಗ್ಗಿಯೇ ಉಳಿದವು. ಸೊಟ್ಟಗೆ ಬೆಳೆದ ಮೂಳೆಯನ್ನು ಯಾವ ಮುದ್ದೆಯೂ ತಿದ್ದಲಾರದು.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ತಾವು ದಯವಿಟ್ಟು ಮೂಟೆಯಿಂದ ಇಳಿದು, ನಮ್ಮ ಹೊಂಡದಲ್ಲಿ ನಾಲ್ಕು ತಿಂಗಳು ವಾಸವಿದ್ದು, ತಮ್ಮ ಮೂಟೆಯೊಳಗಿನದನ್ನೇ ಉಂಡು, ಆಮೇಲೂ ಹೀಗೇ ನಗಬೇಕು. ಅದಾಗದಿದ್ದರೆ ಸಭೆಗೆ ಸಾಕ್ಷಿಯಾಗಿ ಬರಬೇಕು. ತಮಗೆ ಕುರ್ಚಿ ಹಾಕಿಸುತ್ತೇವೆ. ಎಡಕ್ಕೆ ತಮ್ಮನ್ನು ನಂಬಿದ ಮೀನಿನ ಬಕೆಟ್ಟು, ಬಲಕ್ಕೆ ಮುದ್ದೆ ಉಂಡ ಮೀನಿನ ಬಕೆಟ್ಟು. ಸದಸ್ಯರು ಕಣ್ಣಾರೆ ನೋಡಲಿ. ಹೊಂಡ ನಾವು ಬಿಡುವುದಿಲ್ಲ. ಮುಚ್ಚಲು ಮಣ್ಣು ತಂದವರು ಮೊದಲು ನಮ್ಮ ಹನ್ನೊಂದು ಜನರ ಮೇಲೆ ಸುರಿಯಲಿ.

ತಮ್ಮ ನಗುವನ್ನು ಒಮ್ಮೆ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಸೋಮಮ್ಮ, ಸಂಘದ ಕಾರ್ಯದರ್ಶಿ

ಮರೆತ ಮಾತು: ರಘುನಂದನ್ ಅವರೂ ಮೂರು ತಿಂಗಳಿಂದ, ಮೇವಿನಲ್ಲಿ ಏನಿದೆ ಎಂಬ ನಮ್ಮ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದ್ದಾರೆ, ಅವರ ಬೆನ್ನಿನ ಬಗ್ಗೆ ನಮಗೆ ಚಿಂತೆಯಾಗಿದೆ. ಅವರಿಗೂ ಒಂದು ಮುದ್ದೆ ಎತ್ತಿಟ್ಟಿರುತ್ತೇವೆ, ಸಾರು ಕುಳ್ಳಮ್ಮನವರದು. ಪಂಚಾಯಿತಿ ಕಚೇರಿ, ಗುರುವಾರ, ಬೆಳಿಗ್ಗೆ ಹತ್ತೂವರೆ.